ಆ್ಯಂಟಿಬಯಾಟಿಕ್‌ಗಳ ಹಿತಮಿತ ಬಳಕೆ ಮತ್ತು ವಿದ್ಯುನ್ಮಾನ ವೈದ್ಯಕೀಯ ದಾಖಲೆ

ಆಸ್ಪತ್ರೆಗೆ ಸೇರಿದ ರೋಗಿಗೆ ಆ್ಯಂಟಿಬಯಾಟಿಕ್ ಬೇಕೇ, ಬೇಕಾದರೆ ಯಾವುದು, ಎಷ್ಟು ಪ್ರಮಾಣ, ಎಷ್ಟು ದಿನ ಎಂದು ತೀರ್ಮಾನಿಸಲು ಬೇಕಾದ ಮಾಹಿತಿ ಒಂದೇ ಕಡೆ ಸಿಗುವುದಿಲ್ಲ. ಮಾದರಿಯಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸಿದ ಕಲ್ಚರ್ ವರದಿ ಪ್ರಯೋಗಾಲಯದಲ್ಲಿರುತ್ತದೆ. ಹಿಂದೊಮ್ಮೆ ಆದ ಅಲರ್ಜಿಯ ಸಂಗತಿ ಹಳೆಯ ಡಿಸ್ಚಾರ್ಜ್ ಚೀಟಿಯಲ್ಲಿ, ಮೂತ್ರಪಿಂಡದ ಸ್ಥಿತಿ ಆ ದಿನ ಬೆಳಿಗ್ಗೆಯ ರಕ್ತಪರೀಕ್ಷೆಯಲ್ಲಿ, ಈವರೆಗೆ ಕೊಟ್ಟ ಡೋಸ್‌ಗಳ ಲೆಕ್ಕ ನರ್ಸ್‌ಗಳ ಚಾರ್ಟ್‌ನಲ್ಲಿ ಇರುತ್ತವೆ. ಇವನ್ನೆಲ್ಲ ಒಟ್ಟುಗೂಡಿಸಿ, ಔಷಧ ಬರೆಯುವ ಹೊತ್ತಿಗೆ ಸರಿಯಾಗಿ ವೈದ್ಯರ ಮುಂದಿಡುವುದು ವಿದ್ಯುನ್ಮಾನ ವೈದ್ಯಕೀಯ ದಾಖಲೆಯಿಂದ, ಅಂದರೆ ಇಎಂಆರ್‌ನಿಂದ, ಆಗಬಹುದಾದ ದೊಡ್ಡ ಉಪಕಾರ. ಆ್ಯಂಟಿಬಯಾಟಿಕ್‌ಗಳ ಬಳಕೆಯನ್ನು ಹದ್ದಿನಲ್ಲಿಡಲು ಆಸ್ಪತ್ರೆಗಳು ನಡೆಸುವ ಮೇಲುಸ್ತುವಾರಿ ಕಾರ್ಯಕ್ರಮಗಳಿಗೆ ಇಎಂಆರ್ ಇಂದು ಮುಖ್ಯ ಸಾಧನವಾಗಿದೆ. ಆದರೆ ಅದು ಸಾಧನವಷ್ಟೇ. ಅದರ ಹಿಂದೆ ಸೋಂಕುರೋಗ ತಜ್ಞರು, ಸೂಕ್ಷ್ಮಜೀವಿಶಾಸ್ತ್ರಜ್ಞರು, ಕ್ಲಿನಿಕಲ್ ಫಾರ್ಮಸಿಸ್ಟ್‌ಗಳ ತಂಡವಿಲ್ಲದ ಕಡೆ ಅದು ದುಬಾರಿ ಬೆರಳಚ್ಚು ಯಂತ್ರವಾಗಿ ಉಳಿದಿದೆ.

ಇದರ ತುರ್ತು ಎಷ್ಟೆಂಬುದಕ್ಕೆ ಅಂಕಿಅಂಶಗಳಿವೆ. 2022ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಜಾಗತಿಕ ಅಂದಾಜಿನ ಪ್ರಕಾರ, 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ 12.7 ಲಕ್ಷ ಮಂದಿ ಸತ್ತರು; ಅಂಥ ಸೋಂಕು ಜೊತೆಗಿದ್ದ ಸಾವುಗಳು 49.5 ಲಕ್ಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕಣ್ಗಾವಲು ಜಾಲದ ವರದಿ ಇನ್ನೂ ಹತ್ತಿರದ ಚಿತ್ರ ಕೊಡುತ್ತದೆ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾದ ಮಾದರಿಗಳಲ್ಲಿ ಇಮಿಪೆನೆಮ್‌ಗೆ ಬಗ್ಗುವವು 2017ರಲ್ಲಿ ಶೇ 58.5 ಇದ್ದದ್ದು 2023ಕ್ಕೆ ಶೇ 35.6ಕ್ಕೆ ಇಳಿದವು. ಇಮಿಪೆನೆಮ್ ಕಾರ್ಬಪೆನೆಮ್ ಗುಂಪಿನ ಔಷಧ, ತೀವ್ರ ಸೋಂಕಿಗೆ ವೈದ್ಯರು ಬಹಳಷ್ಟು ನಂಬಿಕೊಂಡಿರುವ ಗುಂಪು ಅದು. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ (ಎನ್‌ಸಿಡಿಸಿ) 2021ರ ನವೆಂಬರ್‌ನಿಂದ 2022ರ ಏಪ್ರಿಲ್‌ವರೆಗೆ ದೇಶದ 20 ದೊಡ್ಡ ಆಸ್ಪತ್ರೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಒಳರೋಗಿಗಳ ಪೈಕಿ ಶೇ 71.9ರಷ್ಟು ಮಂದಿ ಆ್ಯಂಟಿಬಯಾಟಿಕ್ ಪಡೆಯುತ್ತಿದ್ದರು. ಅರ್ಧಕ್ಕೂ ಹೆಚ್ಚು, ಅಂದರೆ ಶೇ 55ರಷ್ಟು ಬಳಕೆ, ಸೋಂಕು ಇದೆಯೆಂದಲ್ಲ, ಬಾರದಿರಲೆಂದು. ಇಂಥದ್ದೇ ರೋಗಾಣು ಎಂದು ಪ್ರಯೋಗಾಲಯದಲ್ಲಿ ಖಚಿತವಾದ ಮೇಲೆ ಅದಕ್ಕೆ ತಕ್ಕ ಔಷಧ ಪಡೆದವರು ಶೇ 6 ಮಾತ್ರ. ಈ ಲೇಖನದುದ್ದಕ್ಕೂ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಅಂಕಿ ಈ ಆರು. ಪ್ರಯೋಗಾಲಯಕ್ಕೆ ಮಾದರಿ ಹೋಗದಿರುವುದು, ಹೋದರೂ ವರದಿ ತಡವಾಗುವುದು, ಬಂದರೂ ಯಾರೂ ನೋಡದಿರುವುದು, ನೋಡಿದರೂ ಶುರುಮಾಡಿದ ಔಷಧ ಬದಲಾಗದಿರುವುದು, ಎಲ್ಲವೂ ಅದರೊಳಗೆ ಅಡಗಿವೆ. ಈ ನಾಲ್ಕರಲ್ಲಿ ಕೊನೆಯ ಮೂರನ್ನು ದಾಖಲೆ ವ್ಯವಸ್ಥೆ ಸರಿಪಡಿಸಬಲ್ಲದು.

ಆರಂಭದ ಪ್ರಯತ್ನಗಳು

ವೈದ್ಯಕೀಯದಲ್ಲಿ ಕಂಪ್ಯೂಟರ್ ಸಲಹೆ ಎಂಬ ಕಲ್ಪನೆಯ ಮೊದಮೊದಲ ಪ್ರಸಿದ್ಧ ಪ್ರಯೋಗವೇ ಆ್ಯಂಟಿಬಯಾಟಿಕ್‌ಗೆ ಸಂಬಂಧಿಸಿದ್ದು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ರೂಪಿಸಿದ ‘ಮೈಸಿನ್’ ಎಂಬ ಕ್ರಮವಿಧಿ, ನೂರಾರು ನಿಯಮಗಳನ್ನು ಆಧರಿಸಿ ರಕ್ತದ ಸೋಂಕು, ಮಿದುಳುಪೊರೆಯ ಉರಿಯೂತಗಳಿಗೆ ಔಷಧ ಸೂಚಿಸುತ್ತಿತ್ತು. 1979ರಲ್ಲಿ ನಡೆದ ಪರೀಕ್ಷೆಯಲ್ಲಿ, ಸಲಹೆ ಯಾರದೆಂದು ತಿಳಿಸದೆ ತಜ್ಞರ ಮುಂದಿಟ್ಟಾಗ ಮೈಸಿನ್‌ನ ಸೂಚನೆಗಳಿಗೆ ಶೇ 65ರಷ್ಟು ಒಪ್ಪಿಗೆ ಸಿಕ್ಕಿತು. ಅದೇ ಪರೀಕ್ಷೆಯಲ್ಲಿ ಸ್ಟ್ಯಾನ್‌ಫರ್ಡ್‌ನ ಬೋಧಕ ವೈದ್ಯರಿಗೆ ಸಿಕ್ಕಿದ್ದು ಶೇ 42.5ರಿಂದ 62.5. ಇಷ್ಟಾದರೂ ಮೈಸಿನ್ ಒಬ್ಬ ರೋಗಿಯ ಹಾಸಿಗೆಯ ಬಳಿಗೂ ಹೋಗಲಿಲ್ಲ. ಅದಕ್ಕೆ ರೋಗಿಯ ದಾಖಲೆಯ ಸಂಪರ್ಕವೇ ಇರಲಿಲ್ಲ. ಪ್ರತಿಯೊಂದು ವಿವರವನ್ನೂ ವೈದ್ಯರೇ ಕುಳಿತು ಟೈಪ್ ಮಾಡಿ, ಅದು ಕೇಳುವ ಹತ್ತಾರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ವಾರ್ಡಿನಲ್ಲಿ ಓಡಾಡುವ ವೈದ್ಯರಿಗೆ ಅಷ್ಟು ಪುರುಸೊತ್ತು ಎಲ್ಲಿಯದು?

ಆ ಕೊರತೆ ನೀಗಿದ್ದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಅಲ್ಲಿನ ಎಲ್‌ಡಿಎಸ್ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞ ಹೋಮರ್ ವಾರ್ನರ್ ಮತ್ತು ಸಂಗಡಿಗರು ಕಟ್ಟಿದ ‘ಹೆಲ್ಪ್’ ಎಂಬ ದಾಖಲೆ ವ್ಯವಸ್ಥೆ ಪ್ರಯೋಗಾಲಯ, ಫಾರ್ಮಸಿ, ಶಸ್ತ್ರಚಿಕಿತ್ಸಾ ಕೊಠಡಿ, ನರ್ಸಿಂಗ್ ಟಿಪ್ಪಣಿ ಎಲ್ಲವನ್ನೂ ಒಂದೇ ಕಡೆ ಸೇರಿಸಿತ್ತು. ಇದೇ ದಾಖಲೆಗಳ ನೆರವಿನಿಂದ 1992ರಲ್ಲಿ ಡೇವಿಡ್ ಕ್ಲಾಸೆನ್ ತಂಡ 2,847 ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ, ಗಾಯದ ಸೋಂಕು ತಡೆಯಲು ಕೊಡುವ ಆ್ಯಂಟಿಬಯಾಟಿಕ್‌ನ ಗಳಿಗೆ ಎಷ್ಟು ಮುಖ್ಯವೆಂದು ತೋರಿಸಿತು. ಕೊಯ್ಯುವುದಕ್ಕೆ ಮೊದಲ ಎರಡು ಗಂಟೆಯೊಳಗೆ ಔಷಧ ಪಡೆದವರಲ್ಲಿ ಸೋಂಕು ಶೇ 0.6. ಅದಕ್ಕೂ ಬಹಳ ಮುಂಚೆ ಪಡೆದವರಲ್ಲಿ ಶೇ 3.8. ಶಸ್ತ್ರಚಿಕಿತ್ಸೆ ಶುರುವಾಗಿ ಮೂರು ಗಂಟೆ ಕಳೆದ ಮೇಲೆ ಪಡೆದವರಲ್ಲಿ ಶೇ 3.3. ಔಷಧ ಕೊಟ್ಟ ಗಳಿಗೆಯೂ ಕೊಯ್ದ ಗಳಿಗೆಯೂ ಒಂದೇ ವ್ಯವಸ್ಥೆಯಲ್ಲಿ ನಮೂದಾಗಿರದಿದ್ದರೆ ಈ ಅಧ್ಯಯನ ಸಾಧ್ಯವಿರಲಿಲ್ಲ.

ಅದೇ ಆಸ್ಪತ್ರೆಯ ಸ್ಕಾಟ್ ಇವಾನ್ಸ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ವರದಿ ಈ ಕ್ಷೇತ್ರದ ಮೈಲಿಗಲ್ಲು. 12 ಹಾಸಿಗೆಗಳ ತೀವ್ರ ನಿಗಾ ಘಟಕದಲ್ಲಿ ಅವರ ಕ್ರಮವಿಧಿ ರೋಗಿಯ ಜ್ವರ, ಬಿಳಿ ರಕ್ತಕಣ, ಎಕ್ಸ್-ರೇ ವರದಿ, ಕಲ್ಚರ್, ಮೂತ್ರಪಿಂಡದ ಸ್ಥಿತಿ, ಅಲರ್ಜಿ ಎಲ್ಲವನ್ನೂ ತಾನೇ ಓದಿಕೊಂಡು ಔಷಧ, ಪ್ರಮಾಣ, ಅವಧಿ ಸೂಚಿಸುತ್ತಿತ್ತು; ಬೆಲೆಯನ್ನೂ ತೋರಿಸುತ್ತಿತ್ತು. ಅಲರ್ಜಿಯಿದೆ ಎಂದು ಗೊತ್ತಿದ್ದೂ ಬರೆದ ಔಷಧಗಳು 146ರಿಂದ 35ಕ್ಕೆ, ಮಿತಿಮೀರಿದ ಡೋಸ್‌ಗಳು 405ರಿಂದ 87ಕ್ಕೆ, ರೋಗಾಣುವಿಗೆ ನಾಟದ ಔಷಧ ಬರೆದ ಪ್ರಸಂಗಗಳು 206ರಿಂದ 12ಕ್ಕೆ ಇಳಿದವು. ಹೋಲಿಕೆಗೆ ತೆಗೆದುಕೊಂಡ ಹಿಂದಿನ ಎರಡು ವರ್ಷಗಳಲ್ಲಿ 1,136 ರೋಗಿಗಳಿದ್ದರು, ಪ್ರಯೋಗದ ವರ್ಷದಲ್ಲಿ 545. ಹಾಗಾಗಿ ಮೊದಲ ಅಂಕಿಗಳನ್ನು ಅರ್ಧ ಮಾಡಿಯೇ ನೋಡಬೇಕು. ಹಾಗೆ ನೋಡಿದರೂ ಇಳಿಕೆ ದೊಡ್ಡದೇ. ಸಲಹೆಯನ್ನು ತಳ್ಳಿಹಾಕುವ ಸ್ವಾತಂತ್ರ್ಯ ವೈದ್ಯರಿಗೆ ಪೂರ್ತಿಯಾಗಿ ಇತ್ತು ಎಂಬುದು ಗಮನಿಸಬೇಕಾದ ಸಂಗತಿ. ಅಪ್ಪಣೆ ಕೊಡದೆಯೂ ನಡವಳಿಕೆ ಬದಲಿಸಬಹುದೆಂದು ಸಾಲ್ಟ್ ಲೇಕ್ ತೋರಿಸಿಕೊಟ್ಟಿತು.

ಔಷಧ ಬರೆಯುವ ಹೊತ್ತು

ರೋಗಾಣು ಯಾವುದೆಂದು ಗೊತ್ತಾಗುವ ಮೊದಲೇ ಚಿಕಿತ್ಸೆ ಶುರುಮಾಡಬೇಕಾದ ಸಂದರ್ಭದಲ್ಲಿ ವೈದ್ಯರು ಊಹೆಯ ಮೇಲೆ ಔಷಧ ಆರಿಸುತ್ತಾರೆ. ಭಯ ಸಹಜ. ತಪ್ಪಿದರೆ ರೋಗಿ ಕೈತಪ್ಪಿಹೋದಾನು ಎಂಬ ಆತಂಕದಲ್ಲಿ ಎಲ್ಲ ರೋಗಾಣುಗಳನ್ನೂ ಹೊಡೆಯುವ ಪ್ರಬಲ ಔಷಧದತ್ತ ಕೈ ಹೋಗುತ್ತದೆ. ಈ ಭಯಕ್ಕೆ ಅಳತೆ ಒದಗಿಸುವುದು ಇಎಂಆರ್‌ನಿಂದ ಸಾಧ್ಯ. 2024ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಪ್ರಕಟವಾದ ‘ಇನ್‌ಸ್ಪೈರ್’ ಪ್ರಯೋಗಗಳು ಇದಕ್ಕೆ ಈವರೆಗಿನ ಗಟ್ಟಿ ಸಾಕ್ಷ್ಯ. ಅಮೆರಿಕದ 59 ಆಸ್ಪತ್ರೆಗಳಲ್ಲಿ, ನ್ಯುಮೋನಿಯಾ ಅಥವಾ ಮೂತ್ರನಾಳದ ಸೋಂಕಿನಿಂದ ದಾಖಲಾದ ರೋಗಿಗೆ ವೈದ್ಯರು ಮೊದಲ ಮೂರು ದಿನಗಳಲ್ಲಿ ವಿಶಾಲ ವ್ಯಾಪ್ತಿಯ ಔಷಧ ಬರೆಯಹೊರಟಾಗ, ಆ ರೋಗಿಯಲ್ಲಿ ಔಷಧಕ್ಕೆ ಬಗ್ಗದ ರೋಗಾಣು ಇರುವ ಸಾಧ್ಯತೆ ಎಷ್ಟೆಂದು ವ್ಯವಸ್ಥೆ ಲೆಕ್ಕ ಹಾಕುತ್ತಿತ್ತು. ಅದು ಶೇ 10ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ ವ್ಯಾಪ್ತಿಯ ಔಷಧ ಸಾಕೆಂದು ಪರದೆಯ ಮೇಲೆ ಸೂಚನೆ ಬರುತ್ತಿತ್ತು. ಮಾಮೂಲಿ ಮೇಲುಸ್ತುವಾರಿ ಮಾತ್ರವಿದ್ದ ಆಸ್ಪತ್ರೆಗಳಿಗೆ ಹೋಲಿಸಿದರೆ ವಿಶಾಲ ವ್ಯಾಪ್ತಿಯ ಔಷಧದ ದಿನಗಳು ನ್ಯುಮೋನಿಯಾದಲ್ಲಿ ಶೇ 28.4, ಮೂತ್ರನಾಳದ ಸೋಂಕಿನಲ್ಲಿ ಶೇ 17.4 ತಗ್ಗಿದವು. ತೀವ್ರ ನಿಗಾ ಘಟಕಕ್ಕೆ ಸಾಗಿಸಬೇಕಾದ ಪ್ರಸಂಗಗಳು ಹೆಚ್ಚಲಿಲ್ಲ, ಆಸ್ಪತ್ರೆವಾಸವೂ ಉದ್ದವಾಗಲಿಲ್ಲ. ‘ಜಾಗ್ರತೆ’ ಎಂದು ಮೊಗಮ್ಮಾಗಿ ಹೇಳುವುದಕ್ಕಿಂತ ‘ನಿಮ್ಮ ಈ ರೋಗಿಗೆ ಅಪಾಯ ಇಷ್ಟು’ ಎಂದು ಹೇಳುವುದು ನಾಟುತ್ತದೆ.

ಪ್ರಮಾಣದ ವಿಷಯದಲ್ಲಿ ಕಂಪ್ಯೂಟರ್ ಮನುಷ್ಯನಿಗಿಂತ ನಿಜಕ್ಕೂ ಮೇಲು. 78 ವರ್ಷದ, 45 ಕಿಲೊ ತೂಕದ ಅಜ್ಜಿಯೊಬ್ಬರ ರಕ್ತದಲ್ಲಿ, ಮೂತ್ರಪಿಂಡದ ಸ್ಥಿತಿ ಸೂಚಿಸುವ ಕ್ರಿಯಾಟಿನಿನ್ ಡೆಸಿಲೀಟರಿಗೆ 1.4 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. ಬರಿಗಣ್ಣಿಗೆ ಅದು ಸ್ವಲ್ಪವೇ ಏರಿದಂತೆ ಕಾಣುತ್ತದೆ. ವಯಸ್ಸು, ತೂಕ, ಲಿಂಗ ಸೇರಿಸಿ ಲೆಕ್ಕ ಹಾಕಿದರೆ ಮೂತ್ರಪಿಂಡಗಳ ಶೋಧನೆ ನಿಮಿಷಕ್ಕೆ ಸುಮಾರು 24 ಮಿಲಿಲೀಟರ್‌ಗೆ ಕುಸಿದಿರುತ್ತದೆ. ಎಂಟು ಗಂಟೆಗೊಮ್ಮೆ ಒಂದು ಗ್ರಾಂ ಎಂದು ಅಭ್ಯಾಸಬಲದಿಂದ ಬರೆಯುವ ಮೆರೊಪೆನೆಮ್ ಈ ರೋಗಿಗೆ 12 ಗಂಟೆಗೊಮ್ಮೆ ಅರ್ಧ ಪ್ರಮಾಣ ಸಾಕು. ರಾತ್ರಿಪಾಳಿಯ ಕಿರಿಯ ವೈದ್ಯರು ಪ್ರತಿ ರೋಗಿಗೂ ಈ ಲೆಕ್ಕ ಮಾಡುತ್ತಾ ಕೂರಲಾರರು. ವ್ಯವಸ್ಥೆ ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಇಲ್ಲೊಂದು ಎಚ್ಚರ ಬೇಕು: ತೀವ್ರ ಸೋಂಕಿನಲ್ಲಿ ಮೊದಲ ಡೋಸ್ ಕಡಿಮೆ ಮಾಡಬಾರದು, ಸೋಂಕಿನ ಹೊಡೆತಕ್ಕೆ ಕುಗ್ಗಿದ ಮೂತ್ರಪಿಂಡ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುವುದೂ ಉಂಟು. ಈ ಸೂಕ್ಷ್ಮ ಅರಿಯದ ಸಾಫ್ಟ್‌ವೇರ್ ಔಷಧವನ್ನು ಬೇಕಾದ ಹೊತ್ತಿನಲ್ಲೇ ಕಡಿತಗೊಳಿಸಿ ಕೆಡುಕು ಮಾಡಬಲ್ಲದು.

ಅಲರ್ಜಿಯ ನಮೂದು ಇನ್ನೊಂದು ತೊಡಕಿನ ಜಾಗ. ಅಮೆರಿಕದಲ್ಲಿ ಸುಮಾರು ಶೇ 10 ರೋಗಿಗಳ ದಾಖಲೆಯಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದಿರುತ್ತದೆ. ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ನಿಜವಾದ ಅಲರ್ಜಿ ಇರುವುದಿಲ್ಲ. ಬಾಲ್ಯದಲ್ಲೊಮ್ಮೆ ಎದ್ದ ಗಂಧೆ, ಮಾತ್ರೆ ನುಂಗಿ ಆದ ವಾಂತಿ ದಾಖಲೆ ಸೇರಿ ಜೀವನವಿಡೀ ಹಿಂಬಾಲಿಸುತ್ತವೆ. ಅದರಿಂದಾಗಿ ಸರಳ ಪೆನಿಸಿಲಿನ್ ಸಾಕಾಗುವ ಕಡೆ ಹೆಚ್ಚು ವಿಷಕಾರಿಯೂ ಹೆಚ್ಚು ವಿಶಾಲವೂ ಆದ ಔಷಧ ಹೋಗುತ್ತದೆ. ಕಾಗದದ ದಾಖಲೆಯಲ್ಲಾದರೆ ಇಂಥ ತಪ್ಪು ಹಳೆಯ ಕಡತದೊಂದಿಗೆ ಮರೆಯಾಗುತ್ತಿತ್ತು. ವಿದ್ಯುನ್ಮಾನ ದಾಖಲೆ ಅದನ್ನು ಅಳಿಯದಂತೆ ಕಾಪಾಡುತ್ತದೆ. ಆದ್ದರಿಂದ ಏನಾಯಿತು, ಯಾವಾಗ ಆಯಿತು, ಆಮೇಲೆ ಅದೇ ಗುಂಪಿನ ಔಷಧ ತಡೆದುಕೊಂಡಿದ್ದಾರೆಯೇ ಎಂದು ಕೇಳಿ ದಾಖಲಿಸುವ, ಸುಳ್ಳೆಂದು ಗೊತ್ತಾದ ನಮೂದನ್ನು ತೆಗೆದುಹಾಕುವ ಅವಕಾಶವನ್ನು ವ್ಯವಸ್ಥೆಯಲ್ಲೇ ಕಲ್ಪಿಸಬೇಕಾಗುತ್ತದೆ.

ಇವೆಲ್ಲಕ್ಕಿಂತ ಅಗ್ಗವಾದ, ಈ ಲೇಖಕರ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಅಂಶ ಒಂದೇ ಒಂದು ಖಾನೆ: ‘ಈ ಔಷಧ ಯಾಕೆ?’ ಕಾರಣ ನಮೂದಿಸದೆ ಆದೇಶ ಮುಂದಕ್ಕೆ ಹೋಗದಂತೆ ಮಾಡಿದರೆ ಬರೆಯುವವರು ಒಂದು ಕ್ಷಣವಾದರೂ ಯೋಚಿಸುತ್ತಾರೆ. ಮರುದಿನ ಬರುವ ಬೇರೆ ವೈದ್ಯರಿಗೂ ಶುರುಮಾಡಿದ ಉದ್ದೇಶ ತಿಳಿಯುತ್ತದೆ. ಕಾರಣವೇ ಗೊತ್ತಿಲ್ಲದ ಔಷಧವನ್ನು ನಿಲ್ಲಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಹಾಗೆ ಅನಾಥವಾಗಿ ಮುಂದುವರಿಯುವ ಆ್ಯಂಟಿಬಯಾಟಿಕ್‌ಗಳು ಪ್ರತಿ ವಾರ್ಡಿನಲ್ಲೂ ಇರುತ್ತವೆ. ಕಾರಣ ಗೊತ್ತಾದರೆ ವ್ಯವಸ್ಥೆ ಸ್ಥಳೀಯ ಮಾರ್ಗಸೂಚಿಯ ಔಷಧವನ್ನೇ ಮೊದಲು ತೋರಿಸಬಹುದು, ಶಸ್ತ್ರಚಿಕಿತ್ಸೆಯ ಮುನ್ನೆಚ್ಚರಿಕೆ ಎಂದಿದ್ದರೆ 24 ಗಂಟೆಗೆ ತಾನಾಗಿ ನಿಲ್ಲುವಂತೆ ಹೊಂದಿಸಬಹುದು. ಎನ್‌ಸಿಡಿಸಿ ಸಮೀಕ್ಷೆಯ ಆ ಶೇ 55ರ ಬಳಕೆಗೆ ಈ ಸಣ್ಣ ಏರ್ಪಾಡೇ ದೊಡ್ಡ ಮದ್ದಾದೀತು.

ಕಲ್ಚರ್ ವರದಿ ಬರೆಯುವ ಬಗೆ

ಪ್ರಯೋಗಾಲಯದ ವರದಿಯ ಒಕ್ಕಣೆಯೇ ವೈದ್ಯರ ಕೈಯನ್ನು ನಡೆಸುತ್ತದೆ. ಟೊರಾಂಟೊದ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಮೂತ್ರನಾಳಿಕೆ (ಕ್ಯಾಥೆಟರ್) ಇಲ್ಲದ ಒಳರೋಗಿಗಳ ಮೂತ್ರದ ಕಲ್ಚರ್ ಫಲಿತಾಂಶವನ್ನು ತಾನಾಗಿ ದಾಖಲೆಗೆ ಕಳಿಸುವುದನ್ನು ನಿಲ್ಲಿಸಿ, ‘ಸೋಂಕಿನ ಅನುಮಾನ ಬಲವಾಗಿದ್ದರೆ ಕರೆ ಮಾಡಿ’ ಎಂದಷ್ಟೇ ತಿಳಿಸಿದರು. ರೋಗಲಕ್ಷಣವಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಮಾತ್ರ ಇದ್ದವರಿಗೆ ಆ್ಯಂಟಿಬಯಾಟಿಕ್ ಕೊಡುವುದು ಶೇ 48ರಿಂದ 12ಕ್ಕೆ ಇಳಿಯಿತು. 2014ರಲ್ಲಿ ಪ್ರಕಟವಾದ ಈ ಪ್ರಯೋಗ ಚಿಕ್ಕದು, ಆದರೆ ಪಾಠ ದೊಡ್ಡದು. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಸಂಸ್ಥೆಯಲ್ಲಿ ಕಫದ ವರದಿಯಲ್ಲಿ ‘ಸಾಮಾನ್ಯ ಬ್ಯಾಕ್ಟೀರಿಯಾ’ ಎಂದು ಬರೆದು ಕೈಬಿಡುತ್ತಿದ್ದುದರ ಬದಲು, ಪ್ರಬಲ ಔಷಧ ಬೇಡುವ ರೋಗಾಣುಗಳಾದ ಎಂಆರ್‌ಎಸ್‌ಎ ಇಲ್ಲ, ಸ್ಯೂಡೊಮೊನಾಸ್ ಇಲ್ಲ ಎಂದು ಬಿಡಿಸಿ ಬರೆಯತೊಡಗಿದರು. ಆ ಒಂದು ಸಾಲು ಸೇರಿದ ಮೇಲೆ, ಅನಗತ್ಯ ಪ್ರಬಲ ಔಷಧವನ್ನು ಇಳಿಸಿದ ಅಥವಾ ನಿಲ್ಲಿಸಿದ ಪ್ರಸಂಗಗಳು ಶೇ 39ರಿಂದ 73ಕ್ಕೆ ಏರಿದವು. ಇನ್ನೊಂದು ರೂಢಿಯೂ ಇದೆ: ರೋಗಾಣು ಸರಳ ಔಷಧಕ್ಕೆ ಬಗ್ಗುತ್ತದೆಯಾದರೆ ಕಾರ್ಬಪೆನೆಮ್‌ನ ಫಲಿತಾಂಶವನ್ನು ವರದಿಯಲ್ಲಿ ತೋರಿಸದೆ ತಡೆಹಿಡಿಯುವುದು. ಕೇಳಿದರೆ ಕೊಡುತ್ತಾರೆ, ಕೇಳುವವರು ಕಡಿಮೆ.

ಆಸ್ಪತ್ರೆಯ ಆ್ಯಂಟಿಬಯೋಗ್ರಾಮ್ ತಯಾರಿಸಲು ಕೂಡ, ಅಂದರೆ ಯಾವ ರೋಗಾಣು ಯಾವ ಔಷಧಕ್ಕೆ ಎಷ್ಟು ಶೇಕಡಾ ಬಗ್ಗುತ್ತದೆ ಎಂಬ ವಾರ್ಷಿಕ ಪಟ್ಟಿಗೆ, ದಾಖಲೆ ಅಚ್ಚುಕಟ್ಟಾಗಿರಬೇಕು. ಒಬ್ಬ ರೋಗಿಯ ಮೊದಲ ಮಾದರಿಯನ್ನು ಮಾತ್ರ ಎಣಿಸಬೇಕು, ಒಂದು ರೋಗಾಣುವಿನ ಕನಿಷ್ಠ 30 ಮಾದರಿಗಳಾದರೂ ಇರಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಒಬ್ಬರೇ ರೋಗಿಗೆ ಮೂರು ನೋಂದಣಿ ಸಂಖ್ಯೆ ಇರುವ ಆಸ್ಪತ್ರೆಯಲ್ಲಿ ಈ ಲೆಕ್ಕ ಆರಂಭದಲ್ಲೇ ತಪ್ಪುತ್ತದೆ.

ಮರುಪರಿಶೀಲನೆ, ನಿಲುಗಡೆ

ಶುರುಮಾಡಿ 48ರಿಂದ 72 ಗಂಟೆಗಳಾಗುವಷ್ಟರಲ್ಲಿ ಕಲ್ಚರ್ ಫಲಿತಾಂಶ ಬಂದಿರುತ್ತದೆ, ರೋಗಿಯ ಸ್ಥಿತಿಯೂ ಸ್ಪಷ್ಟವಾಗಿರುತ್ತದೆ. ಆಗೊಮ್ಮೆ ನಿಂತು, ಮುಂದುವರಿಸಬೇಕೇ, ಸಂಕುಚಿತ ವ್ಯಾಪ್ತಿಯ ಔಷಧಕ್ಕೆ ಇಳಿಯಬೇಕೇ, ಚುಚ್ಚುಮದ್ದಿನಿಂದ ಮಾತ್ರೆಗೆ ಬದಲಿಸಬೇಕೇ, ನಿಲ್ಲಿಸಬೇಕೇ ಎಂದು ಕೇಳಿಕೊಳ್ಳುವುದು ಮೇಲುಸ್ತುವಾರಿಯ ಹೃದಯಭಾಗ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) 2014ರಲ್ಲಿ ಪ್ರಕಟಿಸಿ 2019ರಲ್ಲಿ ಪರಿಷ್ಕರಿಸಿದ ಆಸ್ಪತ್ರೆ ಮಾರ್ಗಸೂತ್ರಗಳೂ ಇದನ್ನು ಒಳಗೊಂಡಿವೆ. ಮೇಲುಸ್ತುವಾರಿ ತಂಡಕ್ಕೆ ಇಎಂಆರ್ ಕೊಡುವ ದಿನದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಮೂರು ದಿನ ದಾಟಿದ ಮೆರೊಪೆನೆಮ್, ರಕ್ತದ ಕಲ್ಚರ್‌ನಲ್ಲಿ ಬೆಳೆದ ರೋಗಾಣುವಿಗೂ ನಡೆಯುತ್ತಿರುವ ಔಷಧಕ್ಕೂ ಹೊಂದಿಕೆಯಿಲ್ಲದ ರೋಗಿಗಳು, ಮಾತ್ರೆ ನುಂಗಲು ಶಕ್ತರಾಗಿದ್ದೂ ಲಿನೆಜೊಲಿಡ್ ಅನ್ನು ನರದ ಮೂಲಕ ಪಡೆಯುತ್ತಿರುವವರು, ಮೆರೊಪೆನೆಮ್ ಜೊತೆ ಮೆಟ್ರೊನಿಡಜೋಲ್ ಅನ್ನೂ ಪಡೆಯುತ್ತಿರುವವರು. ಕೊನೆಯದು ನಮ್ಮ ಆಸ್ಪತ್ರೆಗಳಲ್ಲಿ ಬಲು ಸಾಮಾನ್ಯ. ಮೆರೊಪೆನೆಮ್ ಒಂದೇ ಆಮ್ಲಜನಕರಹಿತ ಬ್ಯಾಕ್ಟೀರಿಯಾಗಳನ್ನು ಬಹುಮಟ್ಟಿಗೆ ನೋಡಿಕೊಳ್ಳುವುದರಿಂದ ಹೆಚ್ಚಿನ ಸಂದರ್ಭಗಳಲ್ಲಿ ಎರಡನೆಯದು ವ್ಯರ್ಥ.

ಅವಧಿಯ ಅತಿರೇಕ ಎಲ್ಲಿ ನಡೆಯುತ್ತದೆ ಎಂಬುದನ್ನು ಮಿಷಿಗನ್ ರಾಜ್ಯದ 43 ಆಸ್ಪತ್ರೆಗಳ ಅಧ್ಯಯನವೊಂದು 2019ರಲ್ಲಿ ಬಯಲಿಗೆಳೆಯಿತು. ನ್ಯುಮೋನಿಯಾ ರೋಗಿಗಳಲ್ಲಿ ಮೂರರಲ್ಲಿ ಇಬ್ಬರು ಬೇಕಾದದ್ದಕ್ಕಿಂತ ಹೆಚ್ಚು ದಿನ ಔಷಧ ಪಡೆದಿದ್ದರು. ಹಾಗೆ ಹೆಚ್ಚಾದ ದಿನಗಳ ಪೈಕಿ ಶೇ 93.2 ಬಂದದ್ದು ಡಿಸ್ಚಾರ್ಜ್ ಚೀಟಿಯಿಂದ. ವಾರ್ಡಿನಲ್ಲಿ ಐದು ದಿನ ಮುಗಿಸಿದವರಿಗೆ ಮನೆಗೆ ಹೋಗುವಾಗ ಇನ್ನೊಂದು ವಾರದ ಮಾತ್ರೆ ಕೊಟ್ಟು ಕಳಿಸುವ ವಾಡಿಕೆ ನಮಗೂ ಹೊಸದಲ್ಲ. ಈಗಾಗಲೇ ಎಷ್ಟು ದಿನವಾಗಿದೆ ಎಂಬುದನ್ನು ಡಿಸ್ಚಾರ್ಜ್ ಪರದೆಯಲ್ಲೇ ತೋರಿಸಿ, ಒಟ್ಟು ಅವಧಿಯನ್ನು ಲೆಕ್ಕ ಹಾಕಿಕೊಡುವ ವ್ಯವಸ್ಥೆಗಳು ಇನ್ನೂ ವಿರಳ.

ಎಚ್ಚರಿಕೆಗಳ ಕೇಡು

ಕಂಪ್ಯೂಟರ್ ತರುವ ಅಪಾಯಗಳಿಗೆ ಅತ್ಯಂತ ಸ್ಪಷ್ಟ ನಿದರ್ಶನವೂ ಆ್ಯಂಟಿಬಯಾಟಿಕ್ ಒಂದರ ಆದೇಶವೇ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆದ ಈ ಘಟನೆಯನ್ನು ಅಲ್ಲಿನ ಪ್ರಾಧ್ಯಾಪಕ ರಾಬರ್ಟ್ ವಾಕ್ಟರ್, ಸಂಸ್ಥೆಯ ಒಪ್ಪಿಗೆಯೊಂದಿಗೆ, ತಮ್ಮ ‘ದಿ ಡಿಜಿಟಲ್ ಡಾಕ್ಟರ್’ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ಹದಿಹರೆಯದ ರೋಗಿಯ ತೂಕ 38.6 ಕಿಲೊ. ಪ್ರತಿ ಸಲ ತೆಗೆದುಕೊಳ್ಳುತ್ತಿದ್ದದ್ದು ಕೋ-ಟ್ರೈಮಾಕ್ಸಜೋಲ್‌ನ ಒಂದು ಮಾತ್ರೆ. 40 ಕಿಲೊಗಿಂತ ಕಡಿಮೆ ತೂಕದವರಿಗೆ ಪ್ರತಿ ಕಿಲೊಗೆ ಇಷ್ಟೆಂದೇ ಬರೆಯಬೇಕೆಂಬ ನಿಯಮವಿತ್ತು, ಹಾಗೆ ಬರೆದಾಗ 193 ಮಿಲಿಗ್ರಾಂ ಬಂತು. ಅಷ್ಟರ ಮಾತ್ರೆ ಇಲ್ಲವಾದ್ದರಿಂದ 160 ಮಿಲಿಗ್ರಾಂಗೆ ತಿದ್ದಿ ಎಂದು ಫಾರ್ಮಸಿ ಕೇಳಿತು. ವೈದ್ಯೆ 160 ಎಂದು ಟೈಪ್ ಮಾಡಿದರು, ಆದರೆ ಪರದೆಯ ಖಾನೆ ಇನ್ನೂ ‘ಕಿಲೊಗೆ ಇಷ್ಟು ಮಿಲಿಗ್ರಾಂ’ ಎಂಬಲ್ಲೇ ನಿಂತಿತ್ತು. ಒಂದು ಮಾತ್ರೆಯ ಜಾಗದಲ್ಲಿ ಮೂವತ್ತೆಂಟೂವರೆ ಮಾತ್ರೆಗಳ ಆದೇಶವಾಯಿತು. ಎಚ್ಚರಿಕೆ ಬಂದಿತ್ತು, ದಿನವಿಡೀ ಬರುವ ನೂರಾರು ಎಚ್ಚರಿಕೆಗಳಂತೆಯೇ ಅದೂ ಕಂಡದ್ದರಿಂದ ವೈದ್ಯೆ ದಾಟಿಸಿದರು, ಫಾರ್ಮಸಿಸ್ಟರೂ ದಾಟಿಸಿದರು. ಯಂತ್ರಮಾನವ ಮಾತ್ರೆಗಳನ್ನು ಚೂಕಿಲ್ಲದೆ ಎಣಿಸಿ ಪೊಟ್ಟಣ ಕಟ್ಟಿತು. ಅನುಮಾನಪಟ್ಟ ನರ್ಸ್ ಬಾರ್‌ಕೋಡ್ ಓದಿಸಿ ನೋಡಿದರು. ಆದೇಶ ಸರಿಯಿದೆ ಎಂದು ಅದೂ ಹೇಳಿತು. ರೋಗಿ ಅಷ್ಟನ್ನೂ ನುಂಗಿದ, ಅಪಸ್ಮಾರ ಬಂದು ಪ್ರಾಣಾಪಾಯಕ್ಕೆ ಸಿಲುಕಿದ, ಬದುಕಿಕೊಂಡ. ಈ ಸರಪಳಿಯಲ್ಲಿ ಪ್ರತಿಯೊಬ್ಬರೂ ಕಂಪ್ಯೂಟರ್ ನೋಡಿಕೊಂಡಿರುತ್ತದೆ ಎಂದೇ ನಂಬಿದ್ದರು.

ಔಷಧ ಸುರಕ್ಷತೆಯ ಎಚ್ಚರಿಕೆಗಳಲ್ಲಿ ಶೇ 49ರಿಂದ 96ರಷ್ಟನ್ನು ವೈದ್ಯರು ದಾಟಿಸಿಬಿಡುತ್ತಾರೆ ಎಂದು 2006ರ ಒಂದು ಸಮೀಕ್ಷಾ ಲೇಖನ ಲೆಕ್ಕ ಕೊಟ್ಟಿದೆ. ಹಾಗಾದರೆ ದಾಟಲಾಗದ ತಡೆಯನ್ನೇ ಹಾಕಿದರೆ? ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮತ್ತು ಕೋ-ಟ್ರೈಮಾಕ್ಸಜೋಲ್ ಒಟ್ಟಿಗೆ ಬರೆಯುವುದನ್ನು ತಡೆಯಲು ಹಾಗೆಯೇ ಮಾಡಿದರು. ತಡೆ ಫಲ ಕೊಟ್ಟಿತು, ಆದರೆ ಆ ಔಷಧ ನಿಜಕ್ಕೂ ಬೇಕಿದ್ದ ನಾಲ್ವರು ರೋಗಿಗಳಿಗೆ ಚಿಕಿತ್ಸೆ ತಡವಾಯಿತೆಂದು ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. 2010ರಲ್ಲಿ ಪ್ರಕಟವಾದ ಈ ಅನುಭವದಿಂದ ಕಲಿಯಬೇಕಾದದ್ದು ಇಷ್ಟು: ಎಚ್ಚರಿಕೆಗಳು ಕೆಲವೇ ಇರಬೇಕು, ಇರುವವು ಆ ರೋಗಿಗೆ ಸಂಬಂಧಿಸಿರಬೇಕು, ಬೇರೆ ದಾರಿಯನ್ನು ಅಲ್ಲೇ ತೋರಿಸಬೇಕು, ತುರ್ತಿನಲ್ಲಿ ತೆರೆದುಕೊಳ್ಳುವ ಬಾಗಿಲೊಂದಿರಬೇಕು. ತಡೆಗಳನ್ನು ತಪ್ಪಿಸಿಕೊಳ್ಳುವವರೂ ಇದ್ದಾರೆ: ಮೇಲುಸ್ತುವಾರಿ ತಂಡದ ಅನುಮತಿ ಬೇಕಾದ ಔಷಧವನ್ನು, ಅನುಮತಿ ಕೊಡುವವರು ಮನೆಗೆ ಹೋದ ಮೇಲೆ ರಾತ್ರಿ ಬರೆಯುವ ಚಾಳಿಯೂ ದಾಖಲೆಗಳಲ್ಲಿ ಸಿಕ್ಕಿಬಿದ್ದಿದೆ. ಆದೇಶದ ಗಳಿಗೆ ಅಚ್ಚೊತ್ತಿರುವುದರಿಂದ ಇಂಥದ್ದು ಬೆಳಕಿಗೆ ಬರುತ್ತದೆ.

ಕೃತಕ ಬುದ್ಧಿಮತ್ತೆಯ ವಿಷಯದಲ್ಲೂ ಇದೇ ಸಂಯಮ ಬೇಕು. ಎಪಿಕ್ ಕಂಪನಿಯ ದಾಖಲೆ ವ್ಯವಸ್ಥೆಯಲ್ಲಿದ್ದ ಸೆಪ್ಸಿಸ್ (ಸೋಂಕು ಉಲ್ಬಣಿಸಿ ಅಂಗಾಂಗಗಳು ಕೆಡುವ ಸ್ಥಿತಿ) ಮುನ್ಸೂಚನಾ ಮಾದರಿಯನ್ನು ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಸ್ವತಂತ್ರವಾಗಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ಸೆಪ್ಸಿಸ್ ಆದವರಲ್ಲಿ ಶೇ 67 ಮಂದಿಯನ್ನು ಗುರುತಿಸಿರಲಿಲ್ಲ, ಆದರೂ ಒಳರೋಗಿಗಳಲ್ಲಿ ಶೇ 18 ಮಂದಿಯ ಮೇಲೆ ಎಚ್ಚರಿಕೆ ಮೊಳಗಿಸಿತ್ತು. ವೈದ್ಯರು ಆ್ಯಂಟಿಬಯಾಟಿಕ್ ಬರೆದಿದ್ದಾರೆಯೇ ಎಂಬುದನ್ನೂ ಆ ಮಾದರಿ ಒಂದು ಸುಳಿವಾಗಿ ಬಳಸುತ್ತಿತ್ತು. ಅನುಮಾನ ಬಂದು ಔಷಧ ಶುರುವಾದ ಮೇಲೆ ಬರುವ ಮುನ್ಸೂಚನೆಯಿಂದ ಪ್ರಯೋಜನವೇನು? ಸುಳ್ಳು ಎಚ್ಚರಿಕೆ ಬಂದಾಗ ಪ್ರಬಲ ಔಷಧ ಶುರುವಾಗುವ ಸಂಭವವೂ ಹೆಚ್ಚು. ಇದಕ್ಕಿಂತ ಆಶಾದಾಯಕವಾದುದು ಇಸ್ರೇಲಿನಲ್ಲಿ ನಡೆದ ಕೆಲಸ. ರೋಗಿಯ ಹಿಂದಿನ ಕಲ್ಚರ್‌ಗಳು ಮತ್ತು ಹಿಂದೆ ಕೊಂಡ ಆ್ಯಂಟಿಬಯಾಟಿಕ್‌ಗಳ ದಾಖಲೆಯಿಂದ ಮೂತ್ರನಾಳದ ಸೋಂಕು ಯಾವ ಔಷಧಕ್ಕೆ ಬಗ್ಗೀತೆಂದು ಊಹಿಸಬಹುದು ಎಂದು ರಾಯ್ ಕಿಶೋನಿ ತಂಡ 2019ರಲ್ಲಿ ತೋರಿಸಿತು. ವರ್ಷಗಟ್ಟಲೆ ಒಂದೇ ಸಂಖ್ಯೆಯಡಿ ಸಾಗಿಬಂದ ದಾಖಲೆ ಅಲ್ಲಿ ಇದ್ದುದರಿಂದಲೇ ಅದು ಸಾಧ್ಯವಾಯಿತು.

ಅಳತೆ ಮತ್ತು ಹೋಲಿಕೆ

ಬಳಕೆಯನ್ನು ಅಳೆಯಲು ರೂಢಿಯಲ್ಲಿರುವ ಮಾನ ‘ಸಾವಿರ ರೋಗಿ-ದಿನಗಳಿಗೆ ಎಷ್ಟು ಔಷಧ-ದಿನಗಳು’ ಎಂಬುದು. ಫಾರ್ಮಸಿಯಿಂದ ಎಷ್ಟು ಹೋಯಿತು ಎಂಬ ಲೆಕ್ಕಕ್ಕಿಂತ, ನರ್ಸ್ ಹಾಸಿಗೆಯ ಬಳಿ ಬಾರ್‌ಕೋಡ್ ಓದಿಸಿ ಕೊಟ್ಟ ಡೋಸ್‌ನ ಲೆಕ್ಕ ನಂಬಲರ್ಹ. ಅಮೆರಿಕದಲ್ಲಿ ಈ ಅಂಕಿಗಳು ನೇರವಾಗಿ ಸಿಡಿಸಿಯ ಜಾಲಕ್ಕೆ ಹೋಗಿ, ಅದೇ ಬಗೆಯ ಬೇರೆ ಆಸ್ಪತ್ರೆಗಳಿಗೆ ಹೋಲಿಸಿದ ಅನುಪಾತವಾಗಿ ಮರಳುತ್ತವೆ. ವ್ಯಕ್ತಿಗಳ ಮಟ್ಟದ ಹೋಲಿಕೆಯೂ ಫಲ ಕೊಡುತ್ತದೆ. ಬಾಸ್ಟನ್ ಮತ್ತು ಲಾಸ್ ಏಂಜಲೀಸ್‌ನ 47 ಚಿಕಿತ್ಸಾಲಯಗಳ ಪ್ರಯೋಗದಲ್ಲಿ, ವೈದ್ಯರಿಗೆ ತಮ್ಮ ಸಹೋದ್ಯೋಗಿಗಳ ಪೈಕಿ ಅತ್ಯುತ್ತಮರ ಜೊತೆ ಹೋಲಿಕೆ ಕಳಿಸಿದಾಗ ಉಸಿರಾಟದ ಸೋಂಕುಗಳಿಗೆ ಅನಗತ್ಯ ಆ್ಯಂಟಿಬಯಾಟಿಕ್ ಶೇ 19.9ರಿಂದ 3.7ಕ್ಕೆ ಇಳಿಯಿತು. ಕಾರಣವನ್ನು ದಾಖಲೆಯಲ್ಲಿ ಬರೆಯಲೇಬೇಕು ಎಂದಾಗ ಶೇ 23.2ರಿಂದ 5.2ಕ್ಕೆ ಇಳಿಯಿತು. ಇದು ಹೊರರೋಗಿಗಳ ಪ್ರಯೋಗ, ವಾರ್ಡಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ‘ಯಾಕೆ’ ಎಂಬ ಖಾನೆಯ ಬಲ ಎಷ್ಟೆಂದು ಇದರಿಂದ ತಿಳಿಯುತ್ತದೆ.

ಭಾರತದ ಸ್ಥಿತಿ

ಭಾರತದಲ್ಲಿ ನೀತಿಗಳ ಕೊರತೆಯಿಲ್ಲ. ಐಸಿಎಂಆರ್‌ನ ಪ್ರತಿರೋಧ ಕಣ್ಗಾವಲು ಜಾಲ 2013ರಲ್ಲಿ ಆರಂಭವಾಯಿತು. 2014ರ ಮಾರ್ಚ್ 1ರಿಂದ ಹಲವು ಪ್ರಬಲ ಆ್ಯಂಟಿಬಯಾಟಿಕ್‌ಗಳಿರುವ ಎಚ್-1 ಅನುಸೂಚಿಯ ಔಷಧ ಮಾರಾಟಕ್ಕೆ ಪ್ರತ್ಯೇಕ ರಿಜಿಸ್ಟರ್ ಕಡ್ಡಾಯವಾಯಿತು. 2017ರಲ್ಲಿ ಔಷಧ ಪ್ರತಿರೋಧದ ವಿರುದ್ಧ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು, ಮರುವರ್ಷ ಕೇರಳ ತನ್ನದೇ ರಾಜ್ಯ ಯೋಜನೆ ಪ್ರಕಟಿಸಿತು. ಆಸ್ಪತ್ರೆಗಳಿಗೆ ಮೇಲುಸ್ತುವಾರಿಯ ಮಾರ್ಗದರ್ಶಿಯನ್ನೂ ಐಸಿಎಂಆರ್ ಕೊಟ್ಟಿದೆ. ಎನ್‌ಎಬಿಎಚ್ (ಆಸ್ಪತ್ರೆಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಬೇಕಾದ ಆಸ್ಪತ್ರೆ ತನ್ನದೇ ಆ್ಯಂಟಿಬಯಾಟಿಕ್ ನೀತಿ ಹೊಂದಿರಬೇಕು. ಆ ನೀತಿ ಪುಸ್ತಕ ಕಪಾಟಿನಲ್ಲಿರುತ್ತದೆ, ಔಷಧ ಬರೆಯುವುದು ವಾರ್ಡಿನಲ್ಲಿ. ಎರಡರ ನಡುವಿನ ದೂರವನ್ನು ಕಂಪ್ಯೂಟರ್ ಕಡಿಮೆ ಮಾಡಬೇಕಿತ್ತು. ಆದರೆ ನಮ್ಮ ಬಹುತೇಕ ಆಸ್ಪತ್ರೆಗಳ ಸಾಫ್ಟ್‌ವೇರ್ ಹುಟ್ಟಿದ್ದೇ ಬಿಲ್ ಮಾಡಲು. ನೋಂದಣಿ, ಹಾಸಿಗೆ ಬಾಡಿಗೆ, ಫಾರ್ಮಸಿ ಇಂಡೆಂಟ್, ವಿಮೆಯ ಕಾಗದಗಳು ಚೊಕ್ಕವಾಗಿರುತ್ತವೆ. ಔಷಧದ ಆದೇಶ ಮಾತ್ರ ಇಂದಿಗೂ ಕೇಸ್ ಶೀಟಿನಲ್ಲಿ ಪೆನ್ನಿನಿಂದ ಬರೆದದ್ದು. ಅದನ್ನು ನೋಡಿ ನರ್ಸ್ ಇಂಡೆಂಟ್ ಹಾಕುತ್ತಾರೆ. ಕಂಪ್ಯೂಟರ್‌ಗೆ ವಿಷಯ ತಿಳಿಯುವ ಹೊತ್ತಿಗೆ ನಿರ್ಧಾರ ಆಗಿಹೋಗಿರುತ್ತದೆ, ಸಲಹೆಗೆ ಜಾಗವೇ ಉಳಿದಿರುವುದಿಲ್ಲ. ಕಲ್ಚರ್ ವರದಿ ಹಲವು ಕಡೆ ಪಿಡಿಎಫ್ ಚಿತ್ರವಾಗಿ ಬರುತ್ತದೆ. ಮನುಷ್ಯ ಓದಬಹುದು, ವ್ಯವಸ್ಥೆ ಓದಲಾರದು.

ಬ್ರ್ಯಾಂಡ್ ಹೆಸರುಗಳದ್ದು ಇನ್ನೊಂದು ಗೋಜಲು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಒಂದೇ ಔಷಧ ನಮ್ಮ ಮಾರುಕಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಹೆಸರುಗಳಲ್ಲಿ ಸಿಗುತ್ತದೆ, ಎರಡು ಮೂರು ಔಷಧಗಳ ಮಿಶ್ರಣಗಳೂ ಬೇಕಾದಷ್ಟಿವೆ. ಆಸ್ಪತ್ರೆಯ ಔಷಧ ಪಟ್ಟಿಯಲ್ಲಿ ಪ್ರತಿ ಬ್ರ್ಯಾಂಡನ್ನೂ ಅದರ ಮೂಲ ಔಷಧಕ್ಕೆ ಜೋಡಿಸದಿದ್ದರೆ, ಒಂದೇ ಔಷಧ ಎರಡು ಹೆಸರಿನಲ್ಲಿ ಒಬ್ಬರಿಗೇ ಹೋಗುವುದನ್ನೂ ಯಂತ್ರ ಹಿಡಿಯಲಾರದು. ಕೇಂದ್ರ ಸರ್ಕಾರ 2016ರಲ್ಲಿ ಪರಿಷ್ಕರಿಸಿದ ಆರೋಗ್ಯ ದಾಖಲೆ ಮಾನದಂಡಗಳು, 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಮತ್ತು ಅದರ ಆರೋಗ್ಯ ಗುರುತಿನ ಸಂಖ್ಯೆ ‘ಆಭಾ’ ಈ ಗೋಜಲನ್ನು ಬಿಡಿಸಲು ದಾರಿ ತೆರೆದಿವೆ. ಒಂದು ಆಸ್ಪತ್ರೆಯ ಕಲ್ಚರ್ ವರದಿ ಮುಂದಿನ ಆಸ್ಪತ್ರೆಗೂ ಓದಲು ಸಿಕ್ಕರೆ, ಊರಿನ ನರ್ಸಿಂಗ್ ಹೋಮಿನಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಸಾಗಿಸಿದ ರೋಗಿಗೆ ಎಲ್ಲವನ್ನೂ ಮೊದಲಿಂದ ಊಹಿಸುವುದು ತಪ್ಪೀತು. ರಾಷ್ಟ್ರೀಯ ಮಾಹಿತಿ ಕೇಂದ್ರದ ಇ-ಹಾಸ್ಪಿಟಲ್ ವ್ಯವಸ್ಥೆಯನ್ನು ಕರ್ನಾಟಕದ ಹಲವು ಸರ್ಕಾರಿ ಆಸ್ಪತ್ರೆಗಳೂ ಬಳಸುತ್ತಿವೆ. ಅದೇ ವ್ಯವಸ್ಥೆಯ ಸರ್ವರ್‌ಗಳ ಮೇಲೆ ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರ್ 23ರಂದು ಸೈಬರ್ ದಾಳಿ ನಡೆದು, ಎರಡು ವಾರದಷ್ಟು ಕಾಲ ಕೆಲಸವೆಲ್ಲ ಕಾಗದಕ್ಕೆ ಮರಳಿತ್ತು. ಕಾಗದದಲ್ಲೂ ನಡೆಯುವ ಮೇಲುಸ್ತುವಾರಿಯ ಕ್ರಮವೊಂದನ್ನು ಪ್ರತಿ ಆಸ್ಪತ್ರೆಯೂ ಸಿದ್ಧವಾಗಿಟ್ಟುಕೊಂಡಿರಬೇಕು.

ಪೂರ್ಣ ಇಎಂಆರ್ ಇಲ್ಲದ ಜಿಲ್ಲಾ ಆಸ್ಪತ್ರೆ ಕೈಕಟ್ಟಿ ಕೂರಬೇಕಿಲ್ಲ. ಬಾಸ್ಟನ್‌ನ ಬ್ರಿಗಂ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ರೂಪುಗೊಂಡ ವೂನೆಟ್ ತಂತ್ರಾಂಶ ಉಚಿತ, ಪ್ರಯೋಗಾಲಯದ ಒಂದು ಕಂಪ್ಯೂಟರ್‌ನಲ್ಲೇ ಆ್ಯಂಟಿಬಯೋಗ್ರಾಮ್ ಮಾಡಿಕೊಡುತ್ತದೆ. ಎನ್‌ಸಿಡಿಸಿ ಜಾಲವೂ ಅದನ್ನೇ ಬಳಸುತ್ತದೆ. ಫಾರ್ಮಸಿಯ ಔಷಧ ಪಟ್ಟಿಯಲ್ಲಿ ಪ್ರತಿ ಆ್ಯಂಟಿಬಯಾಟಿಕ್‌ನ ಮುಂದೆ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ರೂಪಿಸಿದ ವರ್ಗವನ್ನು ನಮೂದಿಸುವುದು ಇನ್ನೂ ಸುಲಭ: ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಸೆಫಜೋಲಿನ್‌ಗಳಂಥವು ಧಾರಾಳವಾಗಿ ಸಿಗಬೇಕಾದ ‘ಆ್ಯಕ್ಸೆಸ್’ ವರ್ಗ, ಸೆಫ್‌ಟ್ರಯಾಕ್ಸೋನ್, ಅಜಿತ್ರೊಮೈಸಿನ್, ಮೆರೊಪೆನೆಮ್‌ಗಳು ಕಣ್ಣಿಟ್ಟು ನೋಡಬೇಕಾದ ‘ವಾಚ್’, ಕೊಲಿಸ್ಟಿನ್, ಲಿನೆಜೊಲಿಡ್‌ಗಳು ಕೊನೆಗೆಂದು ಕಾಯ್ದಿಡಬೇಕಾದ ‘ರಿಸರ್ವ್’. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ದೇಶಗಳು ಒಪ್ಪಿಕೊಂಡ ಘೋಷಣೆಯ ಪ್ರಕಾರ, 2030ರ ಹೊತ್ತಿಗೆ ಜಗತ್ತಿನ ಒಟ್ಟು ಮಾನವ ಬಳಕೆಯಲ್ಲಿ ಕನಿಷ್ಠ ಶೇ 70 ಮೊದಲ ವರ್ಗದ್ದಾಗಿರಬೇಕು. ತನ್ನ ಪಾಲು ಈಗ ಎಷ್ಟಿದೆ ಎಂದು ತಿಳಿಯಲು ಆಸ್ಪತ್ರೆಯೊಂದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ, ಫಾರ್ಮಸಿಯ ತಿಂಗಳ ಲೆಕ್ಕದಲ್ಲಿ ಈ ಒಂದು ಕಾಲಂ ಸೇರಿದರೆ ಸಾಕು.